ಕಾದಿರುವ ದಿನಗಳಲ್ಲಿ ಕೈಗೊಂದು ಕಾಯಕ

ಕಳೆದ ವರ್ಷ ಶ್ರಾವಣ ಮುಗಿದ ವಾರದಲ್ಲಿ ನನ್ನ ಹೃದಯದ ರಕ್ತನಾಳಗಳನ್ನು ಪರೀಕ್ಷಿಸಿದ ವೈದ್ಯರು, ಮೂರು ಕಡೆ ದಾರಿ ಕಟ್ಟಿಕೊಂಡಿದೆ, ಎದೆಯನ್ನು ತೆರೆದು ಬೈಪಾಸ್ ಶಸ್ತ್ರಚಿಕಿತ್ಸೆ ಮಾಡದೆ ವಿಧಿಯಿಲ್ಲ ಎಂದು ಹೇಳಿದರು. ಆದರೆ ಕೂಡಲೇ ಅಲ್ಲ. ರಕ್ತದಲ್ಲಿನ ಸಕ್ಕರೆ ಹತೋಟಿಗೆ ಬರಬೇಕು. ರಕ್ತ ಹೆಪ್ಪುಗಟ್ಟದಂತೆ ಕೊಟ್ಟಿರುವ ಒಂದು ಮಾತ್ರೆಯನ್ನು ಐದು ದಿನ ಮೊದಲೇ ನಿಲ್ಲಿಸಬೇಕು. ಅಲ್ಲಿಯವರೆಗೆ ಭಾರ ಎತ್ತಕೂಡದು, ಮೆಟ್ಟಿಲು ಏರಕೂಡದು, ಚಿಂತೆ ಮಾಡಕೂಡದು. ಹೀಗೆ ನನಗೆ ನಲವತ್ತು ದಿನಗಳ ಗಡುವು ದೊರೆಯಿತು. ಮೊದಲಿನ ಎರಡು ಆಜ್ಞೆಗಳನ್ನು ಪಾಲಿಸುವುದು ಸುಲಭ. ಮೂರನೆಯದನ್ನು ಹೇಗೆ ಪಾಲಿಸಬೇಕೆಂಬುದನ್ನು ಅವರು ಚೀಟಿಯಲ್ಲಿ ಬರೆದುಕೊಡಲಿಲ್ಲ.

ದೇಹದ ನಶ್ವರತೆಯನ್ನು ಕುರಿತು ವೇದಿಕೆಯ ಮೇಲೆ ನಿಂತು ಮೂವತ್ತೈದು ವರ್ಷ ಮಾತನಾಡಿದವನು ನಾನು. ಬಾಲ್ಯದಿಂದ ಮಠದ ಅನ್ನವನ್ನು ಉಂಡು, ಗುರುಗಳ ಪಾದದಡಿ ಕುಳಿತು ವಚನಶಾಸ್ತ್ರವನ್ನು ಓದಿದವನು. ಆದರೂ ಆ ದಿನ ಮನೆಗೆ ಬಂದು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಾಗ ಆ ಓದಿನಲ್ಲಿ ಒಂದು ಮಾತೂ ನೆರವಿಗೆ ಬರಲಿಲ್ಲವೆಂಬುದನ್ನು ಓದುಗರಲ್ಲಿ ಮುಚ್ಚಿಡಲಾರೆ. ಎಡಗೈಯ ಮೇಲೆ ಇಷ್ಟಲಿಂಗವನ್ನಿರಿಸಿಕೊಂಡರೆ ದೃಷ್ಟಿಯೇನೋ ಲಿಂಗದಲ್ಲಿ ನಿಲ್ಲುತ್ತಿತ್ತು. ಮನಸ್ಸು ಮಾತ್ರ ಎದೆಯ ಮೂಳೆಯನ್ನು ಸೀಳುವ ಗರಗಸದ ಕಡೆಗೆ ಓಡುತ್ತಿತ್ತು. ನೋಡಲು ಬಂದ ಬಂಧುಗಳು ತಮಗೆ ತಿಳಿದ ರೋಗಿಗಳ ಕಥೆಗಳನ್ನು ಹೇಳಿದರು. ಅವುಗಳಲ್ಲಿ ಎಲ್ಲವೂ ಸುಖಾಂತವಾಗಿರಲಿಲ್ಲ. ಒಬ್ಬರಂತೂ ಪಂಚಾಂಗವನ್ನು ತೆರೆದು, ವೈದ್ಯರು ಕೊಟ್ಟ ದಿನ ಒಳ್ಳೆಯದಲ್ಲ, ಎಂಟು ದಿನ ಮುಂದಕ್ಕೆ ಹಾಕಿಸಿ ಎಂದರು. ತಿಥಿ ವಾರ ನಕ್ಷತ್ರಗಳ ಭಯವನ್ನು ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಬಿಡಿಸಿದರೂ ನಮ್ಮವರ ಮನೆಗಳ ಗೋಡೆಯಿಂದ ಅದು ಇನ್ನೂ ಇಳಿದಿಲ್ಲ. ವೈದ್ಯರ ದಿನವೇ ಇರಲಿ ಎಂದು ಹೇಳಿ ಕಳುಹಿಸಿದೆ. ಹೇಳಿದ ಧ್ವನಿ ಗಟ್ಟಿಯಾಗಿತ್ತು. ರಾತ್ರಿ ನಿದ್ರೆ ಬರಲಿಲ್ಲ.

ಎಂಟನೆಯ ದಿನ ಬೆಳಿಗ್ಗೆ ನಮ್ಮ ಮನೆಯವರು ಅಟ್ಟದ ಮೇಲಿನ ಪೆಟ್ಟಿಗೆಯಿಂದ ಒಂದು ಹಳೆಯ ತಕಲಿಯನ್ನೂ ಒಂದು ಹಿಡಿ ಅರಳೆಯನ್ನೂ ತಂದು ನನ್ನ ಮುಂದಿಟ್ಟರು. “ಮಠದಾಗಿದ್ದಾಗ ನೂಲತಿದ್ದೆ ಅಂತ ಯಾವಾಗಲೂ ಹೇಳತಿರ್ತೀರಲ್ಲ, ಈಗ ನೂಲ್ರಿ ನೋಡೂಣು. ಕೈ ಸುಮ್ಮನ ಕುಂತರ ಮನಸ್ಸು ಸುಮ್ಮನ ಕುಂದರತೈತೇನ್ರಿ?” ಎಂದರು. ಪಂಡಿತರೆನಿಸಿಕೊಂಡವರಿಗೆ ಉತ್ತರವು ಬಹುಮಟ್ಟಿಗೆ ಅಡುಗೆಮನೆಯ ಕಡೆಯಿಂದಲೇ ಬರುವುದೆಂದು ನಾನು ಈಗ ನಂಬಿದ್ದೇನೆ.

ಮಠದಲ್ಲಿ ನಾವು ಹುಡುಗರು ನೂಲುತ್ತಿದ್ದುದು ನಿಜ. ಸಂಜೆಯ ಪ್ರಾರ್ಥನೆಗೆ ಮುಂಚೆ ಅರ್ಧ ತಾಸು ತಕಲಿ. ತಿಂಗಳಿಗೊಮ್ಮೆ ಆ ನೂಲಿನಿಂದ ಶಿವದಾರ ಹೊಸೆಯುವುದು. ಆಗ ಅದನ್ನು ಶಿಕ್ಷೆಯೆಂದೇ ಬಗೆದಿದ್ದೆವು. ಐವತ್ತು ವರ್ಷಗಳ ಮೇಲೆ ಕೈಗೆತ್ತಿಕೊಂಡಾಗ ಮೊದಲ ದಿನ ಒಂದು ಮಾರಿನಷ್ಟು ನೂಲೂ ಬರಲಿಲ್ಲ. ಎಡಗೈಯ ಬೆರಳುಗಳ ನಡುವೆ ಹಂಜಿಯನ್ನು ಹಿಡಿದು, ಬಲಗೈಯಿಂದ ತಕಲಿಯನ್ನು ತಿರುವಿ ಬಿಟ್ಟು, ಎಳೆಯನ್ನು ಹದವಾಗಿ ಬಿಡುತ್ತ ಹೋಗಬೇಕು. ಅವಸರಿಸಿದರೆ ಎಳೆ ಕಡಿಯುತ್ತದೆ, ತಡೆದರೆ ಗಂಟಾಗಿ ದಪ್ಪವಾಗುತ್ತದೆ. ಇದರಲ್ಲಿ ಒಂದು ಸೋಜಿಗವನ್ನು ಕಂಡೆ. ಎಳೆಯು ಕಡಿಯದಂತೆ ಬರುತ್ತಿರುವಾಗ ನನ್ನ ಉಸಿರು ತಾನಾಗಿಯೇ ನಿಧಾನವಾಗಿರುತ್ತಿತ್ತು. ಆಸ್ಪತ್ರೆಯ ನೆನಪು ಬಂದ ಕೂಡಲೇ ಎಳೆ ಕಡಿಯುತ್ತಿತ್ತು. ಮನಸ್ಸು ಎಲ್ಲಿದೆಯೆಂಬುದನ್ನು ತಕಲಿ ನನಗಿಂತ ಮೊದಲೇ ತಿಳಿಯುತ್ತಿತ್ತು. ಕದಿರ ರೆಮ್ಮವ್ವೆ ತಾನು ತಿರುಗಿಸುವ ರಾಟೆಯನ್ನೇ ರೂಪಕವಾಗಿಸಿ ವಚನವನ್ನು ನುಡಿದುದನ್ನು ನಾನು ಎಷ್ಟೋ ಸಲ ವಿವರಿಸಿದ್ದೆ. ಆ ತಾಯಿಯ ಬೆರಳ ತುದಿಗಳು ಹೇಗಿದ್ದಿರಬೇಕೆಂಬ ಯೋಚನೆ ಬಂದದ್ದು ಇದೇ ಮೊದಲು.

ಇಲ್ಲಿ ಇಂಥ ಸ್ಥಿತಿಯಲ್ಲಿರುವವರಿಗೆ ಒಂದು ಎಚ್ಚರಿಕೆ. ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರಿಗೆ ಸಣ್ಣ ಗಾಯವಾದರೂ ರಕ್ತ ಬೇಗ ನಿಲ್ಲದು. ಆದುದರಿಂದ ಚಾಕು, ಉಳಿ, ಕತ್ತರಿಗಳ ಕೆಲಸ ಬೇಡ. ಕೈಕೆಲಸ ಔಷಧಿಯ ಬದಲಿಗೆ ಬರುವಂಥದೂ ಅಲ್ಲ. ಮಾತ್ರೆಯ ಹೊತ್ತಿಗೆ ಮಾತ್ರೆ, ನೂಲಿನ ಹೊತ್ತಿಗೆ ನೂಲು.

ನೂಲುವುದು ಬೆಳಗಿನ ಕೆಲಸವಾಯಿತು. ಮಧ್ಯಾಹ್ನದ ಕೆಲಸವು ನನ್ನ ಹಳೆಯ ತಪ್ಪೊಂದರಿಂದ ಹುಟ್ಟಿತು. ತಕಲಿಯನ್ನು ಹುಡುಕಲು ತೆರೆದ ಅದೇ ಪೆಟ್ಟಿಗೆಯ ತಳದಲ್ಲಿ ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟ ಒಂದು ಹಸ್ತಪ್ರತಿ ಇತ್ತು. ಕೋರಿ ಕಾಗದದ ಮೇಲೆ ಕಪ್ಪು ಮಸಿಯಲ್ಲಿ ಬರೆದ, ಷಟ್‌ಸ್ಥಲದ ಕ್ರಮದಲ್ಲಿ ಜೋಡಿಸಿದ ವಚನಗಳ ಕಟ್ಟು, ತೊಂಬತ್ತಾರು ಹಾಳೆಗಳು. ಮೂವತ್ತು ವರ್ಷಗಳ ಹಿಂದೆ ಒಂದು ಹಳ್ಳಿಯ ಒಕ್ಕಲುತನದ ಮನೆಯ ಯಜಮಾನರು, ತಮ್ಮ ಮನೆಯ ಪೂಜೆಯ ಗೂಡಿನಿಂದ ತೆಗೆದು, ಓದಿ ಒಂದು ತಿಂಗಳಲ್ಲಿ ಕೊಡಿರೆಂದು ನನ್ನ ಕೈಯಲ್ಲಿಟ್ಟಿದ್ದರು. ನಾನು ಓದಲೂ ಇಲ್ಲ, ಕೊಡಲೂ ಇಲ್ಲ. ಅವರು ಲಿಂಗೈಕ್ಯರಾದ ಸುದ್ದಿ ಬಂದಾಗ ಹೋಗಲು ನಾಚಿಕೆಯಾಯಿತು. ಆಮೇಲೆ ಮರೆತೆನೆಂದು ನನಗೆ ನಾನೇ ಹೇಳಿಕೊಂಡೆ.

ಡಾ. ಫ.ಗು. ಹಳಕಟ್ಟಿಯವರು ಇಂಥ ಮನೆಗಳ ಬಾಗಿಲಿಗೆ ಅಲೆದು ಕಟ್ಟುಗಳನ್ನು ಕೂಡಿಸಿದ್ದರಿಂದಲೇ 1923ರಲ್ಲಿ ‘ವಚನಶಾಸ್ತ್ರಸಾರ’ ಬೆಳಕು ಕಂಡಿತು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಹೊರಟಿತು. ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೂ ಮಾರಿದ ಮಹಾನುಭಾವರು ಅವರು. ಜನರು ಪೂಜೆಯ ಗೂಡಿನಲ್ಲಿದ್ದುದನ್ನು ನಂಬಿ ಹೊರಗೆ ತೆಗೆದುದರಿಂದ ಅದೆಲ್ಲ ಸಾಧ್ಯವಾಯಿತು. ಅಂಥ ನಂಬಿಕೆಯನ್ನು ನಾನು ಪೆಟ್ಟಿಗೆಯ ತಳದಲ್ಲಿ ಹಾಕಿ ಮುಚ್ಚಿದ್ದೆ. ನಲವತ್ತು ದಿನಗಳಲ್ಲಿ ಎಂಟು ಕಳೆದಿದ್ದವು. ಉಳಿದವುಗಳಲ್ಲಿ ದಿನಕ್ಕೆ ಮೂರು ಹಾಳೆಯಂತೆ ಪ್ರತಿ ಮಾಡಿ, ಮೂಲವನ್ನು ಆಸ್ಪತ್ರೆಗೆ ಸೇರುವ ಮುನ್ನ ಅವರ ಮನೆಗೆ ಮುಟ್ಟಿಸಬೇಕೆಂದು ನಿಶ್ಚಯಿಸಿದೆ. ಮಗ ನಕ್ಕು, “ಮೊಬೈಲಿನ್ಯಾಗ ಅರ್ಧ ತಾಸಿನ್ಯಾಗ ಎಲ್ಲಾ ಫೋಟೋ ತೆಗದುಬಿಡ್ತೀನಪ್ಪ” ಎಂದ. ತೆಗೆಯಲಿ ಎಂದೆ; ತೆಗೆದ; ಅದು ಒಳ್ಳೆಯದೇ. ಹಾಳೆಗಳು ಇನ್ನು ನಾಶವಾಗಲಾರವು. ಆದರೆ ಆ ಅರ್ಧ ತಾಸಿನಲ್ಲಿ ನಾನೂ ಅವನೂ ಒಂದು ವಚನವನ್ನಾದರೂ ಓದಿರಲಿಲ್ಲ.

ಕೈಯಿಂದ ಪ್ರತಿ ಮಾಡುವುದೆಂದರೆ ಒಂದೊಂದು ಅಕ್ಷರದ ಮುಂದೆಯೂ ನಿಲ್ಲುವುದು. ಹಳೆಯ ಲಿಪಿಕಾರರು ಪದಪದಗಳ ನಡುವೆ ಎಡೆ ಬಿಡುತ್ತಿರಲಿಲ್ಲ. ಎಲ್ಲಿ ಒಡೆದು ಓದಬೇಕೆಂಬುದನ್ನು ನಾವೇ ತೂಗಿ ನೋಡಬೇಕು. ಎರಡು ಸಾಲುಗಳಲ್ಲಿ ಒಂದೇ ಪದ ಬಂದಿದ್ದರೆ ಕಣ್ಣು ಮೇಲಿನದರಿಂದ ಕೆಳಗಿನದಕ್ಕೆ ಹಾರಿ ನಡುವಿನ ಸಾಲು ತಪ್ಪಿಹೋಗುತ್ತದೆ. ಗ್ರಂಥಸಂಪಾದನೆಯ ಪಾಠದಲ್ಲಿ ಈ ದೋಷವನ್ನು ನಾನು ವಿದ್ಯಾರ್ಥಿಗಳಿಗೆ ಹೇಳಿಕೊಟ್ಟಿದ್ದೆ, ಲಿಪಿಕಾರರ ಅಜಾಗ್ರತೆಯೆಂದು ನಗುತ್ತಿದ್ದೆ. ಈಗ ಸಂಜೆ ಮೂಲದೊಡನೆ ಹೋಲಿಸಿ ನೋಡಿದರೆ ನನ್ನ ಪ್ರತಿಯಲ್ಲಿಯೂ ಅದೇ. ನಿದ್ರೆಯಿಲ್ಲದ ರಾತ್ರಿಯ ಮರುದಿನ ಮೂರು ಸಾಲು ತಪ್ಪಿರುತ್ತಿದ್ದವು. ನೆಮ್ಮದಿಯ ದಿನ ಒಂದೂ ಇಲ್ಲ. ಗ್ರಂಥದ ಕೊನೆಯಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿರೆಂದು ಬೇಡಿಕೊಳ್ಳುತ್ತಿದ್ದ ಆ ಅಜ್ಞಾತ ಲಿಪಿಕಾರರು ಯಾವ ಯಾವ ಕಳವಳಗಳ ನಡುವೆ ಬರೆಯುತ್ತಿದ್ದರೋ ಯಾರು ಬಲ್ಲರು?

ಇನ್ನೊಂದು ಬಗೆಯ ಬರವಣಿಗೆಯೂ ಜೊತೆಗೂಡಿತು. ವೈದ್ಯವೃತ್ತಿಯಲ್ಲಿರುವ ನನ್ನ ಸೋದರಳಿಯ, ಭಯವನ್ನು ಬಾಯಲ್ಲಿ ಹೇಳಲಾಗದಿದ್ದರೆ ಬರೆಯಿರಿ ಮಾವಾ ಎಂದ. ಜೇಮ್ಸ್ ಪೆನ್ನೆಬೇಕರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ, ತಮ್ಮ ಬದುಕಿನ ಘಾಸಿಯ ಸಂಗತಿಗಳನ್ನು ಬರೆದರಂತೆ. ಬರೆಯುವ ದಿನಗಳಲ್ಲಿ ಅವರ ಮನಸ್ಸು ಇನ್ನೂ ಕುಗ್ಗಿತಾದರೂ ಮುಂದಿನ ತಿಂಗಳುಗಳಲ್ಲಿ ತಮ್ಮೊಳಗಿನ ಭಾವವನ್ನೂ ಸೇರಿಸಿ ಬರೆದವರು ಆರೋಗ್ಯಕೇಂದ್ರಕ್ಕೆ ಹೋಗುವುದು ಕಡಿಮೆಯಾಯಿತಂತೆ. ಅನಂತರದ ಪ್ರಯೋಗಗಳೆಲ್ಲ ಒಂದೇ ಬಗೆಯ ಫಲವನ್ನು ಕೊಟ್ಟಿಲ್ಲವೆಂದೂ ಅವನೇ ಹೇಳಿದ. ನಾನು ನಾಲ್ಕು ದಿನ ಬರೆದೆ. ಮೊದಲ ದಿನ ಬರೆದುದೆಲ್ಲ ಉಪನ್ಯಾಸದ ಭಾಷೆ. ಓದಿದರೆ ನನಗೇ ಬೇಸರ ಬಂದಿತು. ಮೂರನೆಯ ದಿನ, ನಾನು ಹೋದರೆ ಇವರಿಗೆ ಬ್ಯಾಂಕಿನ ಚೀಟಿ ತುಂಬಲು ಬಾರದು ಎಂಬ ಒಂದು ವಾಕ್ಯ ಬಂತು. ಅದನ್ನು ಬರೆದು ಬಹಳ ಹೊತ್ತು ಸುಮ್ಮನೆ ಕುಳಿತೆ. ಮರುದಿನ ಇಬ್ಬರೂ ಕುಳಿತು ಚೀಟಿ ತುಂಬುವುದನ್ನು ಅಭ್ಯಾಸ ಮಾಡಿದೆವು.

ಈ ನಡುವೆ ದೊಡ್ಡದೊಂದು ಪ್ರಶ್ನೆ ಎದುರಾಯಿತು. ಶಸ್ತ್ರಚಿಕಿತ್ಸೆಯ ಕೋಣೆಯೊಳಗೆ ಮೈಮೇಲೆ ಏನೂ ಇರಕೂಡದು. ಎದೆಯನ್ನೇ ತೆರೆಯುವಾಗ ಕೊರಳಲ್ಲಿ ಕರಡಿಗೆ ಇರುವುದು ಸಾಧ್ಯವೇ ಇಲ್ಲ. ಲಿಂಗವು ಅಂಗದಿಂದ ಅಗಲಬಾರದೆಂಬುದು ನಮ್ಮ ನಿಷ್ಠೆ. ಅಗಲಿದರೆ ಪ್ರಾಣವನ್ನೇ ಬಿಡಬೇಕೆಂಬ ಕಠೋರ ಮಾತುಗಳೂ ಉಂಟು. ಬಳಗದ ಹಿರಿಯರೊಬ್ಬರು, ಹಾಗಾದರೆ ಈ ಚಿಕಿತ್ಸೆಯೇ ಬೇಡ ಎಂದರು. ಇದು ಎಷ್ಟೋ ಮನೆಗಳಲ್ಲಿ ಬರುವ ಸಂಕಟವೆಂದು ತಿಳಿದೇ ಇಲ್ಲಿ ಬರೆಯುತ್ತಿದ್ದೇನೆ.

ನನಗೆ ನೆನಪಾದವರು ನುಲಿಯ ಚಂದಯ್ಯನವರು. ಹುಲ್ಲನ್ನು ಕೊಯ್ದು ತಂದು ಹಗ್ಗವನ್ನು ಹೊಸೆದು ಮಾರಿ ಜಂಗಮದಾಸೋಹ ನಡೆಸುತ್ತಿದ್ದ ಶರಣರು. ಒಂದು ದಿನ ಕೆರೆಯಲ್ಲಿ ಹುಲ್ಲು ಕೊಯ್ಯುತ್ತಿರುವಾಗ ಅವರ ಇಷ್ಟಲಿಂಗ ಕಳಚಿ ನೀರಿಗೆ ಬಿದ್ದಿತು. ಅವರು ಅದನ್ನು ಎತ್ತಿಕೊಳ್ಳದೆ ಹುಲ್ಲಿನ ಹೊರೆಯೊಡನೆ ನಡೆದರು. ಲಿಂಗವೇ ಬೆನ್ನು ಹತ್ತಿ ಬಂದು ಬೇಡಿಕೊಂಡಿತು. ಮಡಿವಾಳ ಮಾಚಯ್ಯನವರು ನಡುವೆ ಬಂದು ಸಂಧಾನ ಮಾಡಬೇಕಾಯಿತು. ಲಿಂಗವೂ ಹಗ್ಗ ಮಾರುವ ಕಾಯಕವನ್ನು ಮಾಡಬೇಕಾಯಿತು. ಈ ಕಥೆಯನ್ನು ಹೇಳುವಾಗಲೆಲ್ಲ ನಾನು ಕಾಯಕದ ಹಿರಿಮೆಯನ್ನು ಮಾತ್ರ ಎತ್ತಿ ಹೇಳುತ್ತಿದ್ದೆ. ತೊಡೆಯ ಮೇಲೆ ನೂಲನ್ನು ಹೊಸೆಯುತ್ತ ಕುಳಿತಾಗ ಬೇರೊಂದು ಅರ್ಥ ಹೊಳೆಯಿತು. ಚಂದಯ್ಯನವರಿಗೆ ಕೊರಳಿನ ಲಿಂಗ ಬಿದ್ದುಹೋಯಿತೆಂಬ ಭಯವೇ ಇರಲಿಲ್ಲ. ಕೈಯ ಹಗ್ಗವು ಅವರನ್ನು ಅಷ್ಟು ಗಟ್ಟಿಯಾಗಿ ಹಿಡಿದಿತ್ತು. ನಮ್ಮ ಮಠದ ಪೂಜ್ಯರಲ್ಲಿಯೂ ಅರಿಕೆ ಮಾಡಿಕೊಂಡೆ. ಅವರು, “ನಿಮ್ಮ ಮನೆಯವರೂ ಲಿಂಗವಂತರಲ್ಲವೇ? ಅವರ ಅಂಗೈ ನಿಮಗೆ ಅನ್ಯವೇ?” ಎಂದು ಕೇಳಿದರು. ಅಲ್ಲಿಗೆ ಮುಗಿಯಿತು.

ಹಂಜಿಗಳು ಮುಗಿಯುತ್ತ ಬಂದಂತೆ ಶಿವದಾರ ಹೊಸೆಯತೊಡಗಿದೆ. ಎಳೆಗಳನ್ನು ಕೂಡಿಸಿ ಒಂದು ದಿಕ್ಕಿಗೆ ಹುರಿಮಾಡಿ, ನಡುವಿಗೆ ಮಡಿಚಿ ಅದಕ್ಕೆ ಎದುರು ದಿಕ್ಕಿಗೆ ಹೊಸೆಯಬೇಕು. ಬಿಚ್ಚಿಕೊಳ್ಳಲು ಹವಣಿಸುವ ಎರಡು ಹುರಿಗಳು ಒಂದನ್ನೊಂದು ತಡೆದು ನಿಲ್ಲುವುದರಿಂದಲೇ ದಾರ ಗಟ್ಟಿಯಾಗುವುದು. ನಮ್ಮ ಮನೆಯವರು ಪಕ್ಕದಲ್ಲಿ ಹಳೆಯ ಇಳಕಲ್ ಸೀರೆಯ ತುಂಡುಗಳಿಂದ ಸಣ್ಣ ಕೌದಿಯಂಥ ದಿಂಬೊಂದನ್ನು ಹೊಲಿಯುತ್ತಿದ್ದರು. ಎದೆಯ ಮೂಳೆಯನ್ನು ತಂತಿಯಿಂದ ಕೂಡಿಸಿದ ಮೇಲೆ ಕೆಮ್ಮುವಾಗ ದಿಂಬನ್ನು ಎದೆಗೆ ಅವುಚಿ ಹಿಡಿಯಬೇಕೆಂದು ಆಸ್ಪತ್ರೆಯ ದಾದಿ ಹೇಳಿದ್ದರಂತೆ. ಅದು ನನಗೆ ಗೊತ್ತಿರಲಿಲ್ಲ. ನಾನು ಭಯದ ಲೆಕ್ಕ ಬರೆಯುತ್ತಿದ್ದಾಗ ಅವರು ಶಸ್ತ್ರಚಿಕಿತ್ಸೆಯ ಆಚೆಗಿನ ದಿನಕ್ಕಾಗಿ ಹೊಲಿಯುತ್ತಿದ್ದರು.

ಮೂವತ್ತೆಂಟನೆಯ ದಿನ ಕೊನೆಯ ಹಾಳೆ ಮುಗಿಯಿತು. ಮರುದಿನ ಮಗ ಕಾರಿನಲ್ಲಿ ಆ ಹಳ್ಳಿಗೆ ಕರೆದೊಯ್ದ. ಯಜಮಾನರ ಸೊಸೆ, ಈಗ ತಾವೇ ಹಣ್ಣು ಮುದುಕಿ, ಕಟ್ಟನ್ನು ಎರಡು ಕೈಯಿಂದ ತೆಗೆದುಕೊಂಡು ಹಣೆಗೆ ಒತ್ತಿಕೊಂಡರು. ಬೈಯುವರೆಂದು ತಲೆ ತಗ್ಗಿಸಿ ನಿಂತಿದ್ದೆ. ಅವರು ಕೇಳಿದ್ದು ಇಷ್ಟೇ: “ಇಷ್ಟ ವರ್ಷ ಇಟಗೊಂಡಿದ್ರೆಲ್ಲರಿ, ಓದಿದ್ರ್ಯೋ ಇಲ್ಲೋ?”

“ಓದೀನಿ ತಾಯಿ” ಎಂದೆ. ಎರಡು ತಿಂಗಳ ಹಿಂದೆ ಹೋಗಿದ್ದರೆ ಆ ಮಾತನ್ನು ಹೇಳಲು ಬರುತ್ತಿರಲಿಲ್ಲ.

ಶಸ್ತ್ರಚಿಕಿತ್ಸೆಯ ದಿನ ಕೋಣೆಯ ಬಾಗಿಲವರೆಗೆ ಲಿಂಗವು ಹೊಸ ಶಿವದಾರದಲ್ಲಿ ನನ್ನ ಕೊರಳಲ್ಲಿಯೇ ಇತ್ತು. ಬಾಗಿಲಲ್ಲಿ ತೆಗೆದು ನಮ್ಮ ಮನೆಯವರ ಅಂಗೈಗೆ ಕೊಟ್ಟೆ. ನನ್ನ ಕಾಲಿನ ನಾಳವನ್ನೇ ತೆಗೆದು ಹೃದಯಕ್ಕೆ ಹೊಸ ದಾರಿಗಳನ್ನು ಕಟ್ಟಿದರೆಂದು ಆಮೇಲೆ ತಿಳಿಯಿತು. ಎಚ್ಚರ ಬಂದು, ಬಾಯೊಳಗಿನ ನಳಿಗೆ ತೆಗೆದ ಮೇಲೆ, ಅವರು ದಾರವನ್ನು ನನ್ನ ಮುಂಗೈಗೆ ಸುತ್ತಿದರು. ಅಷ್ಟು ತಾಸು ಹೊರಗೆ ಕುಳಿತು ಅದನ್ನು ಬೆರಳಿಂದ ಸವರುತ್ತಲೇ ಇದ್ದರಂತೆ.

“ಇಲ್ಲೊಂದ ಕಡೆ ದಪ್ಪಗ ಗಂಟಾಗೇತ್ರಿ” ಎಂದರು.

ಅದು ಮೊದಲ ದಿನದ ನೂಲು ಎಂದೆ.