‘ಮಿಕ್ಕ ಹೆಣ್ಣು’ ಎಂಬ ಬಿರುದು

ಚೀನ ದೇಶದ ಷಾಂಘಾಯಿ ಮಹಾನಗರದ ನಡುವೆ ‘ಜನತಾ ಉದ್ಯಾನ’ವೆಂಬ ವಿಶಾಲವಾದ ತೋಟವೊಂದಿದೆ. ಶನಿವಾರ, ಭಾನುವಾರಗಳಂದು ಅಲ್ಲಿಗೆ ಹೋದವರಿಗೆ ವಿಚಿತ್ರವಾದ ಸಂತೆಯೊಂದು ಕಾಣಸಿಗುತ್ತದೆ. ಕಾಲುದಾರಿಯ ಇಕ್ಕೆಲಗಳಲ್ಲಿ ಬಿಚ್ಚಿಟ್ಟ ಕೊಡೆಗಳು. ಕೊಡೆಗಳ ಮೇಲೆ ಅಂಟಿಸಿದ ಕಾಗದಗಳು. ಅವುಗಳ ಬಳಿ ಕುಳಿತ ವಯಸ್ಸಾದ ತಂದೆತಾಯಿಗಳು. ಹುಟ್ಟಿದ ವರ್ಷ, ಎತ್ತರ, ವಿದ್ಯೆ, ಸಂಬಳ, ಸ್ವಂತ ಮನೆ ಉಂಟೋ ಇಲ್ಲವೋ ಎಂಬ ವಿವರಗಳೆಲ್ಲ ಆ ಕಾಗದದಲ್ಲಿರುತ್ತವೆ. ಮಕ್ಕಳಿಗೆ ಸಂಬಂಧ ಹುಡುಕುವ ಸಂತೆಯಿದು. ತನ್ನ ವಿವರ ಹೀಗೆ ಕೊಡೆಯ ಮೇಲೇರಿದ ಸಂಗತಿ ಎಷ್ಟೋ ವೇಳೆ ಮಗಳಿಗೇ ತಿಳಿದಿರುವುದಿಲ್ಲ.

ಓದಿ, ಉದ್ಯೋಗ ಹಿಡಿದು, ಇಪ್ಪತ್ತೇಳು ದಾಟಿಯೂ ಮದುವೆಯಾಗದ ಹೆಣ್ಣಿಗೆ ಆ ದೇಶದವರು ಒಂದು ಹೆಸರಿಟ್ಟಿದ್ದಾರೆ: ‘ಷೆಂಗ್ ನ್ಯೂ’, ಎಂದರೆ ಮಿಕ್ಕ ಹೆಣ್ಣು. ಉಂಡು ಮಿಕ್ಕ ಅನ್ನಕ್ಕೂ ಇದೇ ‘ಷೆಂಗ್’ ಪದ ಸಲ್ಲುತ್ತದೆ. ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಮಿಕ್ಕ ಅನ್ನದ ಗತಿ ಏನೆಂಬುದನ್ನು ಹೋಟೆಲುಗಳಲ್ಲಿ ದುಡಿಯುವ ನಮ್ಮ ಸೋದರರಿಗೆ ವಿವರಿಸಬೇಕಾಗಿಲ್ಲ. ಈ ಮಾತನ್ನು ಆಡುವವರು ಬೀದಿಯ ಪೋಕರಿಗಳಷ್ಟೇ ಎಂದು ತಿಳಿಯಬೇಡಿ. 2007ರಲ್ಲಿ ಅಲ್ಲಿನ ಶಿಕ್ಷಣ ಸಚಿವಾಲಯವು ಪ್ರಕಟಿಸಿದ ಹೊಸ ಪದಗಳ ಪಟ್ಟಿಯಲ್ಲಿ ಅದಕ್ಕೂ ಸ್ಥಾನ ದೊರೆಯಿತು. ಸ್ತ್ರೀಯರ ಹಿತಕ್ಕೆಂದು 1949ರಲ್ಲಿ ಸ್ಥಾಪಿತವಾದ ಅಖಿಲ ಚೀನ ಮಹಿಳಾ ಒಕ್ಕೂಟವೂ ಈ ಪದವನ್ನು ಬಳಸಿತು.

ಲೆಕ್ಕವನ್ನು ನೋಡಿದರೆ ಸೋಜಿಗವಾಗುತ್ತದೆ. 2020ರ ಜನಗಣತಿಯ ಪ್ರಕಾರ ಚೀನದಲ್ಲಿ ಹೆಂಗಸರಿಗಿಂತ ಗಂಡಸರೇ ಸುಮಾರು 3.5 ಕೋಟಿ ಹೆಚ್ಚು. ಗಂಡುಮಗುವಿನ ಹಂಬಲವೂ, 2015ರವರೆಗೆ ನಡೆದ ಒಂದೇ ಮಗುವಿನ ಕಟ್ಟಳೆಯೂ ಸೇರಿ ಈ ಅಂತರವನ್ನು ಬೆಳೆಸಿದವು. ಹೆಣ್ಣೇ ಕಡಿಮೆಯಿರುವ ನಾಡಿನಲ್ಲಿ ಹೆಣ್ಣು ಮಿಕ್ಕುವುದೆಂತು? ಗಂಡು ತನಗಿಂತ ಕಡಿಮೆ ಓದಿದ, ಕಡಿಮೆ ಸಂಪಾದಿಸುವ ಹೆಣ್ಣನ್ನೇ ತರಬೇಕೆಂಬುದು ಹಳೆಯ ರೂಢಿ. ಆದ್ದರಿಂದ ಪಟ್ಟಣದಲ್ಲಿ ಹೆಚ್ಚು ಓದಿದ ಹೆಣ್ಣಿಗೂ, ಹಳ್ಳಿಯಲ್ಲಿ ಏನೂ ಇಲ್ಲದ ಗಂಡಿಗೂ ಜೊತೆ ಸಿಗುವುದು ಕಷ್ಟ. ಆ ಬಡ ಗಂಡಿಗೆ ‘ಬೋಳು ಕೊಂಬೆ’ ಎಂಬ ಹೆಸರುಂಟು. ಹೀಗೆ ತಪ್ಪು ರೂಢಿಯದು, ಅಡ್ಡ ಹೆಸರು ಮಾತ್ರ ಮಕ್ಕಳದು.

ತಂದೆತಾಯಿಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಇರುವವಳು ಒಬ್ಬಳೇ ಮಗಳು. ‘ನಾವು ಕಣ್ಣುಮುಚ್ಚಿದ ಮೇಲೆ ಇವಳಿಗೆ ಯಾರು?’ ಎಂಬ ದಿಗಿಲು ಸುಳ್ಳಲ್ಲ. ಬಲವಂತದ ವಿವಾಹವನ್ನು ಚೀನದ ಕಾನೂನು 1950ರಲ್ಲೇ ರದ್ದುಮಾಡಿತು. ಆದರೆ ತಾಯಿಯ ಕಣ್ಣೀರಿಗೆ ಯಾವ ಕಾನೂನು ಅಡ್ಡಬಂದೀತು? ವಸಂತೋತ್ಸವಕ್ಕೆ ದೂರದ ಪಟ್ಟಣಗಳಿಂದ ಊರಿಗೆ ಬಂದ ಹೆಣ್ಣುಮಕ್ಕಳು ಊಟಕ್ಕೆ ಕುಳಿತೊಡನೆ ‘ಯಾವಾಗ ಮದುವೆ?’ ಎಂಬ ಪ್ರಶ್ನೆ ಎದುರಾಗುತ್ತದೆ. ಅದಕ್ಕಂಜಿ, ಬಾಡಿಗೆಗೆ ಒಬ್ಬನನ್ನು ಗೊತ್ತುಮಾಡಿ, ‘ಇವನೇ ನನ್ನ ವರ’ ಎಂದು ಮನೆಗೆ ಕರೆತಂದವರೂ ಉಂಟು!

ಒತ್ತಾಯವಾದರೂ ಫಲಿಸಿತೇ? 2013ರಲ್ಲಿ ಚೀನದಲ್ಲಿ ದಾಖಲಾದ ಮದುವೆಗಳು 1 ಕೋಟಿ 34 ಲಕ್ಷಕ್ಕೂ ಮಿಕ್ಕಿದ್ದವು; 2024ರಲ್ಲಿ ಅವು ಸುಮಾರು 61 ಲಕ್ಷಕ್ಕೆ ಇಳಿದವು. ಇದಕ್ಕೆ ಬೇರೆ ಕಾರಣಗಳೂ ಇವೆ: ಮದುವೆಯ ವಯಸ್ಸಿನವರ ಸಂಖ್ಯೆಯೇ ಕುಗ್ಗಿದೆ, ಮನೆ ಕೊಳ್ಳುವುದು ದುಬಾರಿ. ಆದರೂ ಹೀಯಾಳಿಸಿ ಹಸೆಮಣೆ ಏರಿಸುವುದು ಸಾಧ್ಯವಿಲ್ಲವೆಂಬುದಂತೂ ಸ್ಪಷ್ಟ.

ದೂರದ ಈ ಕಥೆಯನ್ನು ಓದುವಾಗ ನಮಗೆ ನಮ್ಮ ಮನೆಗಳ ನೆನಪಾಗದಿರಲಿಲ್ಲ. ತಂಗಿಯ ಮದುವೆಗೆಂದು ತಿಂಗಳುತಿಂಗಳೂ ಹಣ ಉಳಿಸುವ ಅಣ್ಣಂದಿರು ನಮ್ಮ ವಾಚಕರಲ್ಲಿ ಬಹುಮಂದಿ. ಆ ತ್ಯಾಗ ದೊಡ್ಡದು. ಆದರೆ ಹಣ ಕಳುಹಿಸಿದ ಮಾತ್ರಕ್ಕೆ ತಂಗಿಯ ಮನಸ್ಸನ್ನು ನಿರ್ಧರಿಸುವ ಹಕ್ಕು ನಮಗೆ ಬರುವುದಿಲ್ಲ. ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ, ಜಾತಕದ ಮಾತೆತ್ತುವ ಮುನ್ನ, ‘ಹೇಗಿದ್ದೀಯಮ್ಮ? ನಿನಗೇನು ಇಷ್ಟ?’ ಎಂದು ಒಮ್ಮೆ ಕೇಳೋಣ. ಉತ್ತರ ಬರುವವರೆಗೆ ಕಾಯೋಣ.