ಕಪ್ಪು ಎರಡು ಅಲ್ಲಾಡುತ್ತದೆಯೇ?

"ಕೀಬೋರ್ಡಿನಲ್ಲಿ ತೋಡಿಯೇ? ಬಿಡಿ ಸ್ವಾಮಿ!" ಸಂಗೀತ ಬಲ್ಲವರ ನಡುವೆ ಈ ಮಾತು ಇನ್ನೂ ಚಲಾವಣೆಯಲ್ಲಿದೆ. ಮೂಲದಲ್ಲಿ ಇದು ಹಾರ್ಮೋನಿಯಂ ಮೇಲಿನ ದೂರು. ಅದರ ಪ್ರತಿ ಮನೆಯ ಹಿಂದೆ ಲೋಹದ ನಾಲಗೆಯಿದೆ. ಅದು ತನ್ನ ಶ್ರುತಿ ಬಿಟ್ಟು ಕದಲದು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬಾರದು ಎಂಬುದೂ ಸೇರಿದಂತೆ ಹಲವು ಆಕ್ಷೇಪಗಳಿಂದ 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು, ಮೂರು ದಶಕ ಒಳಗೆ ಬಿಟ್ಟುಕೊಳ್ಳಲಿಲ್ಲ. ಎಲೆಕ್ಟ್ರಾನಿಕ್ ಕೀಬೋರ್ಡಿಗೂ ಅದೇ ಕಪ್ಪು ಬಿಳಿ ಮನೆಗಳು, ಹಾಗಾಗಿ ಅಪವಾದವೂ ಅದಕ್ಕೆ ಅಂಟಿತು. ಆದರೆ ಇದರೊಳಗೆ ನಾಲಗೆಯೇ ಇಲ್ಲ. ಎಡಬದಿಯ ಪಿಚ್ ಬೆಂಡ್ ಚಕ್ರ ತಿರುಗಿಸಿದರೆ ನುಡಿಯುತ್ತಿರುವ ಸ್ವರವೇ ಜಾರುತ್ತದೆ.

ತೋಡಿಯ ಗಾಂಧಾರವನ್ನೇ ತೆಗೆದುಕೊಳ್ಳಿ. ಬಿಳಿ ಒಂದು ಷಡ್ಜವಾದರೆ ಸಾಧಾರಣ ಗಾಂಧಾರ ಕಪ್ಪು ಎರಡು. ಹಾಡುವಾಗ ಅದು ತನ್ನ ಮನೆಯಲ್ಲಿ ಕೂರುವುದೇ ಅಪರೂಪ. ಶುದ್ಧ ರಿಷಭಕ್ಕೂ ಶುದ್ಧ ಮಧ್ಯಮಕ್ಕೂ ನಡುವೆ ತೂಗುತ್ತಿರುತ್ತದೆ. ಬಹುಪಾಲು ಕೀಬೋರ್ಡುಗಳ ಚಕ್ರಕ್ಕೆ ಮೊದಲೇ ಇಟ್ಟಿರುವ ವ್ಯಾಪ್ತಿ ಮೇಲೆ ಎರಡು, ಕೆಳಗೆ ಎರಡು ಸ್ವರಸ್ಥಾನ. ಕಪ್ಪು ಎರಡರಿಂದ ಕೆಳಕ್ಕೆ ಎರಡು ಎಣಿಸಿದರೆ ಶುದ್ಧ ರಿಷಭ, ಮೇಲಕ್ಕೆ ಎಣಿಸಿದರೆ ಶುದ್ಧ ಮಧ್ಯಮ. ತೋಡಿಗೆಂದೇ ಅಳೆದು ಹೊಲಿದ ಅಂಗಿ! ಹೊಲಿದವರಿಗೆ ತೋಡಿಯ ಹೆಸರೂ ಗೊತ್ತಿರಲಿಕ್ಕಿಲ್ಲ.

ಇನ್ನೊಂದು ನಂಬಿಕೆ ಆರ್ಕೆಸ್ಟ್ರಾ ವೇದಿಕೆಗಳಲ್ಲಿ ಹೆಚ್ಚು: ಪಕ್ಕದ ಮಾಡ್ಯುಲೇಷನ್ ಚಕ್ರ ಏರಿಸಿದರೆ ಕಂಪಿತ ಗಮಕ ತಾನಾಗಿ ಬರುತ್ತದಂತೆ. ನನ್ನ ಮಟ್ಟಿಗೆ ಕೀಬೋರ್ಡಿಗೆ ಕೆಟ್ಟ ಹೆಸರು ತಂದದ್ದೇ ಇದು. ಆ ಚಕ್ರ ಸಾಮಾನ್ಯವಾಗಿ ಮಾಡುವುದಿಷ್ಟೇ: ಸ್ವರವನ್ನು ಮೇಲೆ ಕೆಳಗೆ ಸಮನಾಗಿ, ಒಂದೇ ವೇಗದಲ್ಲಿ, ಯಂತ್ರದ ಲೆಕ್ಕಕ್ಕೆ ಅಲುಗಿಸುವುದು. ಕಂಪಿತ ಹಾಗಲ್ಲ. ಅದು ಒಂದು ತುದಿಯಲ್ಲಿ ಕ್ಷಣ ಕಾಲೂರಿ, ಇನ್ನೊಂದನ್ನು ಮುಟ್ಟಿಯೂ ಮುಟ್ಟದಂತೆ ಹೊರಳುತ್ತದೆ. ಕಾಲ ಬದಲಾದರೆ ತೂಗುವ ಬಗೆಯೂ ಬದಲಾಗುತ್ತದೆ. ಅದನ್ನು ಎಡಗೈ ಕಲಿಯಬೇಕು. ಗುಂಡಿಯಲ್ಲಿ ಅದು ಸಿಗದು.

ಡಿಜಿಟಲ್ ಆದ್ದರಿಂದ ಜಾರು ಹಂತಹಂತವಾಗಿ ಒಡೆದು ಕೇಳುತ್ತದೆ ಎನ್ನುವವರೂ ಇದ್ದಾರೆ. ಇಂಥ ವಾದ್ಯಗಳು ಬಳಸುವ ಮಿಡಿ ಭಾಷೆಯಲ್ಲಿ ಪಿಚ್ ಬೆಂಡ್‌ಗೆ 16,384 ಹಂತಗಳಿವೆ. ನಾಲ್ಕು ಸ್ವರಸ್ಥಾನಗಳಿಗೆ ಹಂಚಿದರೆ ಒಂದೊಂದಕ್ಕೆ 4,096. ಯಾವ ಕಿವಿಯೂ ಅದನ್ನು ಎಣಿಸಲಾರದು. ಬರೀ 128 ಹಂತ ಕಳಿಸುವ ಅಗ್ಗದ ವಾದ್ಯದಲ್ಲಿ ಮಾತ್ರ ಆ ದೂರಿನಲ್ಲಿ ಹುರುಳಿರಬಹುದು.

ವ್ಯಾಪ್ತಿ ಹೆಚ್ಚಿದಷ್ಟೂ ಒಳ್ಳೆಯದು ಎಂದು ಹನ್ನೆರಡಕ್ಕೆ ಏರಿಸಿಕೊಳ್ಳುವವರಿಗೆ ಒಂದು ಮಾತು. ಎರಡಕ್ಕೆ ಇಟ್ಟಾಗ ಚಕ್ರವನ್ನು ತುದಿಗೆ ಒತ್ತಿದರೆ ಸಾಕು, ಸರಿಯಾದ ಸ್ವರ. ಆ ತುದಿಯೇ ವೀಣೆಯ ಮೆಟ್ಟಿಲಿನಂತೆ ಕೆಲಸ ಮಾಡುತ್ತದೆ. ಹನ್ನೆರಡಕ್ಕೆ ಇಟ್ಟರೆ ಅದೇ ಸ್ವರ ದಾರಿಯ ಆರನೇ ಒಂದು ಭಾಗದಲ್ಲೆಲ್ಲೋ ಇರುತ್ತದೆ. ಬೆರಳು ಕೂದಲೆಳೆ ತಪ್ಪಿದರೂ ಅಪಸ್ವರ.

ಇದಕ್ಕೆಲ್ಲ ದುಬಾರಿಯ ಹೊಸ ವಾದ್ಯವೇ ಬೇಕೆಂಬುದೂ ಪೂರ್ತಿ ನಿಜವಲ್ಲ. ಹಳೆಯ ಪದ್ಧತಿಯಲ್ಲಿ ಬೆಂಡ್ ಒಂದು ಚಾನೆಲ್ಲಿನ ಎಲ್ಲ ಸ್ವರಗಳನ್ನೂ ಒಟ್ಟಿಗೆ ಬಾಗಿಸುತ್ತದೆ. 2018ರಲ್ಲಿ ಅಂಗೀಕೃತವಾದ ಎಂಪಿಇ ಪದ್ಧತಿ ಪ್ರತಿ ಸ್ವರಕ್ಕೂ ಬೇರೆ ಚಾನೆಲ್ ಕೊಡುತ್ತದೆ, ಹಾಗಾಗಿ ಮೂರು ಸ್ವರ ನಿಂತಿರುವಾಗ ಒಂದನ್ನಷ್ಟೇ ಜಾರಿಸಬಹುದು. ಸೀಬೋರ್ಡ್, ಲಿನ್‌ಸ್ಟ್ರುಮೆಂಟ್‌ನಂಥ ಹೊಸ ವಾದ್ಯಗಳಲ್ಲಿ ಚಕ್ರದ ಹಂಗಿಲ್ಲದೆ ಬೆರಳೇ ಸರಿದು ಸ್ವರ ಎಳೆಯುತ್ತದೆ. 'ದೆಹಲಿ-6' ಚಿತ್ರದ 'ರೆಹನಾ ತೂ' ಹಾಡಿನ ಕೊನೆಗೆ ಎ.ಆರ್. ರೆಹಮಾನ್ ನುಡಿಸಿದ, ಅಂಥದೇ ವಾದ್ಯವಾದ ಕಂಟಿನ್ಯುಅಮ್ ಕೇಳಿದರೆ ಆಸೆಯಾಗುವುದು ಸಹಜವೇ. ಆದರೆ ಒಂದು ಹೊತ್ತಿಗೆ ಒಂದೇ ಸ್ವರ ನಡೆಯುವ ನಮ್ಮ ಕೃತಿಗಳಿಗೆ ಹಳೆಯ ಚಕ್ರ ಸಾಲುತ್ತದೆ. ತಂಬೂರಿಯ ನಾದ ಮಾತ್ರ ಬೇರೆ ಚಾನೆಲ್ಲಿನಲ್ಲಿರಲಿ. ಇಲ್ಲದಿದ್ದರೆ ಷಡ್ಜವೂ ಗಾಂಧಾರದ ಜೊತೆ ಉಯ್ಯಾಲೆಯಾಡುತ್ತದೆ. ನಾನು ಮೊದಲ ಸಲ ಇದನ್ನು ಕಂಡುಕೊಂಡದ್ದು ನೆಂಟರೆದುರು.

ಮನೆ ಒತ್ತಿದ ಮೇಲೆಯೇ ಚಕ್ರ ತಿರುಗಿಸಬೇಕು ಎಂದೂ ಹಲವರು ತಿಳಿದಿದ್ದಾರೆ. ವೈಣಿಕರು ಇಳಿಜಾರನ್ನು ಹೇಗೆ ನುಡಿಸುತ್ತಾರೆ ನೋಡಿ. ತಂತಿ ಎಳೆದರೆ ಶ್ರುತಿ ಏರುವುದೇ ಹೊರತು ಇಳಿಯುವುದಿಲ್ಲ. ಆದ್ದರಿಂದ ಮೊದಲೇ ಎಳೆದು ಹಿಡಿದು, ಮೀಟಿ, ಮೆಲ್ಲಗೆ ಸಡಿಲಿಸುತ್ತಾರೆ. ಚಕ್ರವನ್ನೂ ಹಾಗೆಯೇ ಮೇಲೆತ್ತಿಟ್ಟುಕೊಂಡು ಕಪ್ಪು ಎರಡನ್ನು ಒತ್ತಿ, ನಿಧಾನವಾಗಿ ಬಿಡಿ. ಮಧ್ಯಮದಲ್ಲಿ ಹುಟ್ಟಿದ ಸ್ವರ ಗಾಂಧಾರಕ್ಕೆ ಇಳಿದು ಬರುತ್ತದೆ.