ಬೇಟೆಯ ಖರ್ಚು, ಬೆಂದವರ ಪಾಲು

ಧರ್ಮಪುರಿ ಕಡೆಯಿಂದ ಮೆಟ್ಟೂರಿಗೆ ಹೋಗುವವರು ತೊಪ್ಪೂರಿನಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ಹೊರಳಬೇಕು. ಭವಾನಿಗೆ ಹೋಗುವ ಆ ರಸ್ತೆ ಮೇಚ್ಚೇರಿ ದಾಟಿ ಮೆಟ್ಟೂರು ಮುಟ್ಟುತ್ತದೆ. ಅಲ್ಲಿಂದ ಕೊಳತ್ತೂರು, ಪಾಲಾರ್ ಹಾದರೆ ನಮ್ಮ ಮಲೆ ಮಹದೇಶ್ವರ ಬೆಟ್ಟ. 2004ರ ಅಕ್ಟೋಬರ್ 18ರ ರಾತ್ರಿ ಕಾಡುಗಳ್ಳ ವೀರಪ್ಪನ್ ಗುಂಡಿಗೆ ಬಿದ್ದದ್ದು ತೊಪ್ಪೂರಿನ ಉತ್ತರಕ್ಕೆ, ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿ ಬಳಿ. ಅವನನ್ನು ಮಣ್ಣು ಮಾಡಿದ್ದು ಪಶ್ಚಿಮಕ್ಕೆ, ಸೇಲಂ ಜಿಲ್ಲೆಯ ಮೆಟ್ಟೂರಿನ ಹತ್ತಿರದ ಮೂಲಕಾಡಿನಲ್ಲಿ. ಕಥೆ ಅಲ್ಲಿಗೆ ಮುಗಿಯಿತೆಂದು ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳು ಕಡತ ಕಟ್ಟಿಟ್ಟವು. ಆದರೆ ಲೆಕ್ಕ ಮುಗಿದಿಲ್ಲ. ಆ ಬೇಟೆಗೆ ಸರ್ಕಾರ ಎಷ್ಟು ಸುರಿಯಿತು, ಬೇಟೆಯಲ್ಲಿ ಸಿಕ್ಕಿ ನಲುಗಿದ ಬಡವರಿಗೆ ಎಷ್ಟು ಕೊಟ್ಟಿತು, ಅದಕ್ಕೆಂದು ಬಳಸಿದ ವಿಶೇಷ ಕಾನೂನು ಎಷ್ಟು ಅಪರಾಧಿಗಳನ್ನು ಹಿಡಿದುಕೊಟ್ಟಿತು? ಈ ಮೂರು ಪ್ರಶ್ನೆಗಳಿಗೆ ಅಂಕಿಗಳು ಏನು ಹೇಳುತ್ತವೆ ನೋಡೋಣ.

ಮೊದಲು ಸತ್ತವರ ಲೆಕ್ಕ

ಪೊಲೀಸರ ಲೆಕ್ಕದಂತೆ ವೀರಪ್ಪನ್ ತಂಡಕ್ಕೆ ಬಲಿಯಾದವರು 184 ಮಂದಿ. ಅವರಲ್ಲಿ ಅರ್ಧದಷ್ಟು ಜನ ಪೊಲೀಸ್ ಮತ್ತು ಅರಣ್ಯ ಇಲಾಖೆಯ ಸಿಬ್ಬಂದಿ. 1991ರ ನವೆಂಬರ್‌ನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಶರಣಾಗತಿಯ ನೆಪ ಹೇಳಿ ಕರೆಸಿ ಕೊಂದರು. 1992ರ ಆಗಸ್ಟ್ 14ರಂದು ಎಸ್‌ಪಿ ಹರಿಕೃಷ್ಣ ಮತ್ತು ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಹೊಂಚುದಾಳಿಗೆ ಸಿಕ್ಕರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸಿಡಿದು 22 ಜನ ಒಂದೇ ಏಟಿಗೆ ಸತ್ತರು. ಈ ಸಾವುಗಳನ್ನು ಬದಿಗಿಟ್ಟು ಯಾವ ಲೆಕ್ಕವನ್ನೂ ಹಾಕುವಂತಿಲ್ಲ. ಆ ಕೊಲೆಗಡುಕನನ್ನು ಹಿಡಿಯಲೇಬೇಕಿತ್ತು. ಪ್ರಶ್ನೆ ಇರುವುದು ಹಿಡಿಯಲು ಹೊರಟ ದಾರಿಯಲ್ಲಿ ಯಾರನ್ನು ತುಳಿದರು ಎಂಬುದರಲ್ಲಿ.

ಬಹುಮಾನ ಮತ್ತು ಪರಿಹಾರ

ಎರಡೂ ರಾಜ್ಯಗಳ ವಿಶೇಷ ಕಾರ್ಯಪಡೆಯ ಖರ್ಚು ನೂರು ಕೋಟಿ ರೂಪಾಯಿ ದಾಟಿತೆಂದು ಆಗಿನ ಪತ್ರಿಕೆಗಳು ಬರೆದವು. ವೀರಪ್ಪನ್ ಸತ್ತ ಕೆಲವೇ ದಿನಗಳಲ್ಲಿ ತಮಿಳುನಾಡಿನ ಅಂದಿನ ಮುಖ್ಯಮಂತ್ರಿ ಜಯಲಲಿತಾ ಕಾರ್ಯಪಡೆಯ 752 ಮಂದಿಗೆ ತಲಾ 3 ಲಕ್ಷ ರೂಪಾಯಿ ನಗದು, ಒಂದು ನಿವೇಶನ, ಒಂದು ಹಂತದ ಬಡ್ತಿ ಘೋಷಿಸಿದರು. ನಗದನ್ನಷ್ಟೇ ಗುಣಿಸಿದರೂ 22 ಕೋಟಿ 56 ಲಕ್ಷ.

ಇನ್ನೊಂದು ಬದಿ ನೋಡಿ. ಕಾಡಂಚಿನ ಹಳ್ಳಿಗಳಿಂದ ಜನರನ್ನು ಎತ್ತಿಕೊಂಡು ಹೋಗಿ, ಬೆಟ್ಟದ ಶಿಬಿರದಲ್ಲಿ ಕೂಡಿಹಾಕಿ, ಹೊಡೆದು, ಕರೆಂಟು ಕೊಟ್ಟರೆಂಬ ದೂರುಗಳು ತೊಂಬತ್ತರ ದಶಕದುದ್ದಕ್ಕೂ ಬಂದವು. ಮಲೆ ಮಹದೇಶ್ವರ ಬೆಟ್ಟದಲ್ಲಿದ್ದ ಆ ಜಾಗಕ್ಕೆ ‘ವರ್ಕ್‌ಶಾಪ್’ ಎಂದೇ ಹೆಸರು ಬಿದ್ದಿತ್ತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಮತ್ತು ಸಿಬಿಐನ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಅವರ ಸಮಿತಿ ನೇಮಿಸಿತು. ಸಮಿತಿಯ ಮುಂದೆ ಬಂದು ಗೋಳು ಹೇಳಿಕೊಂಡವರು 193 ಮಂದಿ. ವರದಿ ಸಲ್ಲಿಕೆಯಾದದ್ದು 2003ರ ಡಿಸೆಂಬರ್‌ನಲ್ಲಿ. ಆಯೋಗ ಪರಿಹಾರಕ್ಕೆ ಶಿಫಾರಸು ಮಾಡಿದ್ದು 2007ರ ಜನವರಿಯಲ್ಲಿ: 89 ಜನರಿಗೆ ಒಟ್ಟು 2 ಕೋಟಿ 80 ಲಕ್ಷ.

ಪಕ್ಕಪಕ್ಕದಲ್ಲಿಟ್ಟು ಓದಿದರೆ ಹೀಗೆ:

• ಕಾರ್ಯಪಡೆಗೆ ನಗದು ಬಹುಮಾನ: 752 ಜನ, 22.56 ಕೋಟಿ ರೂಪಾಯಿ. ಕಾದದ್ದು ಕೆಲವು ದಿನ.
• ನೊಂದವರಿಗೆ ಪರಿಹಾರ: 89 ಜನ, 2.80 ಕೋಟಿ ರೂಪಾಯಿ. ವರದಿ ಕೈಸೇರಿದ ಮೇಲೂ ಕಾದದ್ದು ಮೂರು ವರ್ಷ.
• ಒಬ್ಬರಿಗೆ ಸಿಕ್ಕ ಪರಿಹಾರ: ಕನಿಷ್ಠ 10 ಸಾವಿರ, ಗರಿಷ್ಠ 5 ಲಕ್ಷ.
• ಪರಿಹಾರಕ್ಕೆಂದು ಎರಡು ರಾಜ್ಯಗಳು ತೆಗೆದಿರಿಸಿದ್ದು: ತಲಾ 5 ಕೋಟಿಯಂತೆ 10 ಕೋಟಿ. ಹಂಚಿದ್ದನ್ನು ಕಳೆದರೆ ಉಳಿಕೆ 7.20 ಕೋಟಿ.
• ಹೇಳಿಕೆ ಕೊಟ್ಟೂ ಪರಿಹಾರ ಪಟ್ಟಿಗೆ ಸೇರದವರು: 104.

ಪ್ರಾಣ ಪಣಕ್ಕಿಟ್ಟು ಕಾಡು ಅಲೆದ ಪೇದೆಗೆ ಮೂರು ಲಕ್ಷ ಹೆಚ್ಚೆಂದು ನಾನು ಹೇಳುವುದಿಲ್ಲ. ಆದರೆ ಹಣ ತೆಗೆದಿಟ್ಟೂ ನಾಲ್ಕರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಮಾತ್ರ ಕೊಟ್ಟದ್ದನ್ನು ಬೊಕ್ಕಸದ ಬಡತನದ ಮೇಲೆ ಹೊರಿಸಲಾಗದು. ದುಡ್ಡಿತ್ತು, ಕೊಡುವ ಮನಸ್ಸಿರಲಿಲ್ಲ.

ಟಾಡಾ ಹಿಡಿದದ್ದೆಷ್ಟು, ಉಳಿಸಿಕೊಂಡದ್ದೆಷ್ಟು

ಪಾಲಾರ್ ಸ್ಫೋಟದ ನಂತರ ಕರ್ನಾಟಕದಲ್ಲಿ ಬಂಧಿತರಾದವರ ಮೇಲೆ ಭಯೋತ್ಪಾದನೆ ತಡೆಯ ವಿಶೇಷ ಕಾಯ್ದೆ ಟಾಡಾ ಹೇರಲಾಯಿತು. ಈ ಕಾಯ್ದೆಯಲ್ಲಿ ಎಸ್‌ಪಿ ದರ್ಜೆಯ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯೂ ಸಾಕ್ಷ್ಯವಾಗುತ್ತಿತ್ತು. ಆರೋಪಿ ತಪ್ಪಿತಸ್ಥನಲ್ಲವೆಂದು ನ್ಯಾಯಾಲಯಕ್ಕೆ ಮೊದಲೇ ಮನವರಿಕೆಯಾದರಷ್ಟೇ ಜಾಮೀನು. ವಕೀಲರಿಗೆ ಕೊಡಲು ಕಾಸಿಲ್ಲದ ಕೂಲಿಯವರಿಗೂ ಸೋಲಿಗರಿಗೂ ಇದರರ್ಥ ಒಂದೇ: ಒಳಗೆ ಹೋದವರು ವಿಚಾರಣೆ ಮುಗಿಯುವವರೆಗೆ ಒಳಗೇ.

ಮುಗಿಯಲು ಎಂಟು ವರ್ಷ ಬೇಕಾಯಿತು. 2001ರ ಸೆಪ್ಟೆಂಬರ್‌ನಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ನೂರಕ್ಕೂ ಹೆಚ್ಚು ಜನರನ್ನು ಖುಲಾಸೆ ಮಾಡಿತು. ಜೀವಾವಧಿ ಶಿಕ್ಷೆಯಾದವರಲ್ಲಿ ನಾಲ್ವರಿಗೆ 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಗಲ್ಲು ವಿಧಿಸಿತು. ಕ್ಷಮಾದಾನದ ಅರ್ಜಿ ಒಂಬತ್ತು ವರ್ಷ ಕೊಳೆತು 2013ರಲ್ಲಿ ತಿರಸ್ಕಾರವಾಯಿತು. ಆ ವಿಳಂಬವೇ ಅಮಾನುಷವೆಂದು ಅದೇ ನ್ಯಾಯಾಲಯ 2014ರ ಜನವರಿ 21ರಂದು ಗಲ್ಲನ್ನು ಜೀವಾವಧಿಗೆ ಇಳಿಸಿತು.

ಇದೇ ಬಂಧಿತರ ಹೆಸರು 2000ದಲ್ಲಿ ಇಡೀ ನಾಡಿಗೆ ಕೇಳಿಸಿತು. ಜುಲೈ 30ರಂದು ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅಪಹರಣವಾದಾಗ ವೀರಪ್ಪನ್ ಇಟ್ಟ ಬೇಡಿಕೆಗಳಲ್ಲಿ ಮೈಸೂರು ಜೈಲಿನ ಟಾಡಾ ಬಂಧಿತರ ಬಿಡುಗಡೆಯೂ ಇತ್ತು. ಸರ್ಕಾರ ಮೊಕದ್ದಮೆ ಕೈಬಿಡಲು ಹೊರಟಿತು. ಹತ್ಯೆಯಾಗಿದ್ದ ಶಕೀಲ್ ಅಹ್ಮದ್ ಅವರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿಗೆ ಹೋದರು, ನವೆಂಬರ್‌ನಲ್ಲಿ ಗೆದ್ದರು. ರಾಜ್‌ಕುಮಾರ್ 108 ದಿನಗಳ ನಂತರ ಮರಳಿದರು. ಮಗನನ್ನು ಕಳೆದುಕೊಂಡ ತಂದೆ ಕೇಳಿದ್ದು ಸರಿಯಾದದ್ದನ್ನೇ: ತೀರ್ಪು ಕಾಡಿನ ಒತ್ತಡಕ್ಕೆ ಬಗ್ಗಬಾರದು, ನ್ಯಾಯಾಲಯದಲ್ಲೇ ಆಗಬೇಕು. ಆದರೆ ಆ ತೀರ್ಪು ಏಳು ವರ್ಷ ಮೊದಲೇ ಬಂದಿದ್ದರೆ, ಖುಲಾಸೆಯಾದ ಆ ಜನ ಯಾರ ಚೌಕಾಸಿಗೂ ವಸ್ತುವಾಗುತ್ತಿರಲಿಲ್ಲ.

ದೇಶದ ಲೆಕ್ಕವೂ ಇದಕ್ಕಿಂತ ಬೇರೆಯಲ್ಲ. 1994ರ ಮಧ್ಯಭಾಗದ ಹೊತ್ತಿಗೆ ಟಾಡಾದಡಿ ಬಂಧಿತರಾದವರು 76 ಸಾವಿರಕ್ಕೂ ಹೆಚ್ಚು. ಶಿಕ್ಷೆಯಾದವರು ಶೇ 2ಕ್ಕಿಂತ ಕಡಿಮೆ. ಕಾಯ್ದೆಯನ್ನು ಮುಂದುವರಿಸಬೇಡಿ ಎಂದು ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷ ನ್ಯಾಯಮೂರ್ತಿ ರಂಗನಾಥ ಮಿಶ್ರಾ ಸಂಸದರಿಗೆ ಪತ್ರ ಬರೆದರು. 1995ರ ಮೇ ತಿಂಗಳಲ್ಲಿ ಅದು ತಾನಾಗಿ ಅಳಿಯಿತು. ಹೂಡಿದ್ದ ಮೊಕದ್ದಮೆಗಳು ಮಾತ್ರ ಅಳಿಯಲಿಲ್ಲ.

ವಾಚಾತ್ತಿಯ ಸಾಮಾನ್ಯ ಕಾನೂನು

ಧರ್ಮಪುರಿ ಜಿಲ್ಲೆಯಲ್ಲೇ ಇದಕ್ಕೆ ಎದುರಾದ ಇನ್ನೊಂದು ಲೆಕ್ಕವಿದೆ. 1992ರ ಜೂನ್ 20ರಂದು ಹರೂರು ಸೀಮೆಯ ವಾಚಾತ್ತಿಗೆ ಶ್ರೀಗಂಧ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಇಲಾಖೆಗಳ ದಂಡು ನುಗ್ಗಿತು. ಬುಡಕಟ್ಟು ಜನರ ಮನೆಗಳನ್ನು ಪುಡಿಗಟ್ಟಿತು. 18 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ನಡೆಯಿತು. ಸಿಬಿಐ ಆರೋಪ ಹೊರಿಸಿದ್ದು 269 ನೌಕರರ ಮೇಲೆ. ವಿಚಾರಣೆ ಮುಗಿಯುವಷ್ಟರಲ್ಲಿ 54 ಮಂದಿ ಸತ್ತಿದ್ದರು. ಬದುಕಿದ್ದ 215 ಮಂದಿಯೂ ತಪ್ಪಿತಸ್ಥರೆಂದು ಧರ್ಮಪುರಿಯ ನ್ಯಾಯಾಲಯ 2011ರ ಸೆಪ್ಟೆಂಬರ್ 29ರಂದು ತೀರ್ಪಿತ್ತಿತು: ಅರಣ್ಯ ಇಲಾಖೆಯ 126, ಪೊಲೀಸರು 84, ಕಂದಾಯದವರು 5. ಸರಿಯಾಗಿ ಹನ್ನೆರಡು ವರ್ಷಗಳ ಮೇಲೆ, 2023ರ ಅದೇ ದಿನ, ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿದು, ಆ ಹೆಣ್ಣುಮಕ್ಕಳಿಗೆ ತಲಾ 10 ಲಕ್ಷ ಕೊಡಲು, ಅರ್ಧ ಹಣವನ್ನು ಅಪರಾಧಿಗಳಿಂದಲೇ ವಸೂಲಿ ಮಾಡಲು ಹೇಳಿತು.

ಇಲ್ಲಿ ಟಾಡಾ ಇರಲಿಲ್ಲ. ಪೊಲೀಸರ ಮುಂದೆ ಬರೆಸಿಕೊಂಡ ತಪ್ಪೊಪ್ಪಿಗೆ ಬೇಕಾಗಲಿಲ್ಲ. ಸಾಮಾನ್ಯ ಕಾನೂನು, ಹೆದರದೆ ನಿಂತ ಸಾಕ್ಷಿಗಳು, ನೆಟ್ಟಗೆ ನಡೆದ ತನಿಖೆ ಇಷ್ಟೇ ಸಾಕಾಯಿತು. 31 ವರ್ಷ ಹಿಡಿದದ್ದು ಖಂಡಿತ ನಾಚಿಕೆಗೇಡು. ಆದರೂ ನಿಂತ ತೀರ್ಪು ಇದೇ.

ಇಂದಿನ ಅಂಕಿ

ಟಾಡಾ ಹೋಗಿ 2002ರಲ್ಲಿ ಪೋಟಾ ಬಂತು, 2004ರಲ್ಲಿ ಅದೂ ಹೋಯಿತು. ಈಗ ಇರುವುದು 1967ರ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ, ಯುಎಪಿಎ. 2004, 2008, 2012, 2019ರ ತಿದ್ದುಪಡಿಗಳಿಂದ ಅದು ಬಲಿತಿದೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಇಲ್ಲಿ ಸಾಕ್ಷ್ಯವಲ್ಲ, ಅದು ಸಮಾಧಾನ. ಆದರೆ ಆರೋಪಪಟ್ಟಿ ಇಲ್ಲದೆ 180 ದಿನ ಒಳಗಿಡಬಹುದು. ಸಾಮಾನ್ಯ ಕಾನೂನಿನಲ್ಲಿ ಆ ಮಿತಿ ಹೆಚ್ಚೆಂದರೆ 90 ದಿನ. ಭಯೋತ್ಪಾದನೆಯ ಪೆಟ್ಟು ಕಡಿಮೆ ತಿಂದಿರದ ಬ್ರಿಟನ್ನಿನಲ್ಲಿ ಆರೋಪ ಹೊರಿಸದೆ ಇಟ್ಟುಕೊಳ್ಳಬಹುದಾದದ್ದು 14 ದಿನ. ಟಾಡಾ, ಪೋಟಾಗಳಿಗೆ ಅವಧಿ ಮುಗಿಯುವ ದಿನವಾದರೂ ಇತ್ತು. ಯುಎಪಿಎಗೆ ಅದೂ ಇಲ್ಲ.

ಕೇಂದ್ರ ಗೃಹ ಸಚಿವಾಲಯ ಸಂಸತ್ತಿಗೆ ಕೊಟ್ಟ ಉತ್ತರದ ಪ್ರಕಾರ 2016ರಿಂದ 2019ರವರೆಗೆ ಈ ಕಾಯ್ದೆಯಡಿ ಬಂಧಿತರಾದವರು 5,922 ಮಂದಿ. ಅದೇ ಅವಧಿಯಲ್ಲಿ ಶಿಕ್ಷೆಯಾದವರು 132. ಆ ವರ್ಷಗಳಲ್ಲಿ ಹಿಡಿದವರೆಲ್ಲರ ವಿಚಾರಣೆ ಆಗಲೇ ಮುಗಿದಿರಲಾರದು, ಹಾಗಾಗಿ ಇದು ಕಟ್ಟಕಡೆಯ ಲೆಕ್ಕವಲ್ಲ. ಆದರೂ ನೂರಕ್ಕೆ ಎರಡರ ಆಸುಪಾಸಿನ ಆ ಅಂಕಿ ಟಾಡಾ ಕಾಲದ್ದನ್ನು ನೆನಪಿಸದೆ ಬಿಡುವುದಿಲ್ಲ. ವಿಚಾರಣೆ ಮುಗಿಯುವ ಸೂಚನೆಯೇ ಇಲ್ಲದಿದ್ದರೆ ಯುಎಪಿಎ ಆರೋಪಿಗೂ ಜಾಮೀನು ಕೊಡಬಹುದೆಂದು ಸುಪ್ರೀಂ ಕೋರ್ಟ್ 2021ರ ನಜೀಬ್ ಪ್ರಕರಣದಲ್ಲಿ ಹೇಳಬೇಕಾಗಿ ಬಂದದ್ದೂ ಇದೇ ಕಾರಣಕ್ಕೆ.

ಇನ್ನು ಬೆಟ್ಟದ ‘ವರ್ಕ್‌ಶಾಪ್’ನಂಥ ಕಡೆ ನಡೆಯಿತೆನ್ನುವ ಚಿತ್ರಹಿಂಸೆಯ ಮಾತು. ಭಾರತ 1997ರಲ್ಲಿ ಚಿತ್ರಹಿಂಸೆ ವಿರೋಧಿ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕಿತು. ಅದನ್ನು ಅನುಮೋದಿಸಿ ದೇಶದ ಕಾನೂನಾಗಿಸುವ ಕೆಲಸ ಹಾಗೇ ಉಳಿದಿದೆ.

ವೀರಪ್ಪನ್ ಬೇಟೆಯ ಕಡತ ಮುಚ್ಚಿದರೂ ಎರಡು ಸಾಲಿಗೆ ಉತ್ತರ ಬರೆಯಬೇಕಿದೆ. ಪರಿಹಾರಕ್ಕೆಂದು ಇಟ್ಟ 10 ಕೋಟಿಯಲ್ಲಿ ಉಳಿದ 7 ಕೋಟಿ 20 ಲಕ್ಷದ ಲೆಕ್ಕವನ್ನು ಬೆಂಗಳೂರು ಮತ್ತು ಚೆನ್ನೈ ಸರ್ಕಾರಗಳು ಜನರ ಮುಂದಿಡಲಿ. ಸಮಿತಿಯ ಮುಂದೆ ಬಾಯಿಬಿಟ್ಟು ಹೇಳಿಯೂ ಬರಿಗೈಯಲ್ಲಿ ಮರಳಿದ 104 ಜನರಲ್ಲಿ ಬದುಕಿರುವವರನ್ನು ಹುಡುಕಿ, ಅವರ ದೂರನ್ನು ಇನ್ನೊಮ್ಮೆ ಕೇಳಲಿ. ಕಾಡಿನಲ್ಲಿ ಅಡಗಿದ್ದ ಒಬ್ಬನನ್ನು ಹುಡುಕಲು ಇಷ್ಟು ವರ್ಷ, ಇಷ್ಟು ಹಣ ಇದ್ದ ಸರ್ಕಾರಗಳಿಗೆ, ಊರಿನಲ್ಲೇ ಇರುವ ಈ ಜನರನ್ನು ಹುಡುಕುವುದು ಕಷ್ಟವಲ್ಲ.